ಗೈಡ್ ದಳಕ್ಕೆ ಕೊರತೆ ಹುಡುಗಿಯರದ್ದಲ್ಲ

ಶನಿವಾರ ಬೆಳಗಿನ ಶಾಲೆ. ಮಧ್ಯಾಹ್ನದ ಹೊತ್ತಿಗೆ ತರಗತಿಗಳು ಮುಗಿದು ಹುಡುಗರು ಬ್ಯಾಟು ಹಿಡಿದು ಬಯಲಿಗೆ ಓಡುತ್ತಾರೆ. ಹುಡುಗಿಯರು ಮನೆಗೆ ಹೋಗುತ್ತಾರೆ. ಮನೆಯಲ್ಲಿ ನೀರಿನ ಕೊಡ, ಮುಸುರೆ ಪಾತ್ರೆ, ಸಣ್ಣ ತಮ್ಮ, ದನದ ಹಕ್ಕಿ ಇವೆಲ್ಲ ಅವರಿಗಾಗಿ ಕಾಯುತ್ತಿರುತ್ತವೆ. ನವಲಗುಂದ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಇಪ್ಪತ್ತನಾಲ್ಕು ಹುಡುಗಿಯರು ಮಾತ್ರ ಶನಿವಾರದಂದು ಎರಡು ತಾಸು ತಡವಾಗಿ ಮನೆ ಸೇರುತ್ತಾರೆ. ಆ ಎರಡು ತಾಸಿನಲ್ಲಿ ಅವರು ಯಾರ ಮಗಳೂ ಅಲ್ಲ, ಯಾರ ಅಕ್ಕನೂ ಅಲ್ಲ, ಅಂಕಪಟ್ಟಿಯ ಒಂದು ಕ್ರಮಸಂಖ್ಯೆಯೂ ಅಲ್ಲ. ಕೊರಳಿಗೆ ಸ್ಕಾರ್ಫು ಕಟ್ಟಿಕೊಂಡ ಗೈಡ್‌ಗಳು.

ನಾನು ಆ ದಳದ ಕ್ಯಾಪ್ಟನ್. ಹೆಸರು ದೊಡ್ಡದು, ಕೆಲಸ ಸಣ್ಣದು. ಹುಬ್ಬಳ್ಳಿಯಲ್ಲಿ ನನ್ನ ಮನೆ. ಮೂವತ್ನಾಲ್ಕು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು 2017ರಲ್ಲಿ ನಿವೃತ್ತಳಾದೆ. ಅದೇ ವರ್ಷ, ಪರಿಚಯದ ಮುಖ್ಯಾಧ್ಯಾಪಕಿಯೊಬ್ಬರು ತಮ್ಮ ಶಾಲೆಯ ಗೈಡ್ ದಳ ನೋಡಿಕೊಳ್ಳುತ್ತಿದ್ದ ಶಿಕ್ಷಕಿ ವರ್ಗವಾಗಿ ಹೋದರೆಂದೂ ಹುಡುಗಿಯರು ಸ್ಕಾರ್ಫುಗಳನ್ನು ಪೆಟ್ಟಿಗೆಯಲ್ಲಿಟ್ಟು ಕುಳಿತಿದ್ದಾರೆಂದೂ ಹೇಳಿದರು. ಒಂದು ವಾರದ ಪ್ರಾಥಮಿಕ ತರಬೇತಿ ಮುಗಿಸಿ ಹೋದೆ. ಮುಟ್ಟಲು ಒಂದು ತಾಸಿಗೂ ಹೆಚ್ಚಿನ ದಾರಿ. ಅಂದಿನಿಂದ ನೆಂಟರೂ ನೆರೆಯವರೂ ಹಳೆಯ ಸಹೋದ್ಯೋಗಿಗಳೂ ಕೇಳುತ್ತಿರುವ ಪ್ರಶ್ನೆ ಒಂದೇ: ‘ಇದರಿಂದ ನಿಮಗೇನು ಸಿಗ್ತದ?’ ಗೌರವಧನವಿಲ್ಲ. ಬಸ್ಸಿನ ಖರ್ಚು ಕೈಯಿಂದಲೇ ಹೋಗುತ್ತಿತ್ತು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ಅದೊಂದು ಉಳಿದಿದೆ. ಪ್ರಶ್ನೆ ಕೇಳುವವರಲ್ಲಿ ಕುಚೋದ್ಯವಿರುವುದಿಲ್ಲ, ನಿಜವಾದ ಕುತೂಹಲವೇ ಇರುತ್ತದೆ. ಆದ್ದರಿಂದ ಉತ್ತರ ಹೇಳುವ ಪ್ರಯತ್ನ ಮಾಡಬೇಕೆನಿಸಿದೆ.

ಗೈಡ್ ಚಳವಳಿಯ ಹುಟ್ಟಿನ ಬಗ್ಗೆ ಒಂದು ಮಾತು. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಬಾಲಕ ಸ್ಕೌಟ್‌ಗಳ ಮೇಳ ನಡೆದಾಗ ಕೆಲವು ಹುಡುಗಿಯರು ತಾವೂ ಸ್ಕೌಟ್‌ಗಳೆಂದು ಹೇಳಿಕೊಂಡು ಬಂದು ನಿಂತರು. ಅವರನ್ನು ಯಾರೂ ಕರೆದಿರಲಿಲ್ಲ. ಬೇಡನ್ ಪೊವೆಲ್ ಸೇನೆಯ ಮನುಷ್ಯ. ಹುಡುಗಿಯರ ವಿಷಯ ಅವರ ಯೋಜನೆಯಲ್ಲಿ ಇರಲಿಲ್ಲ. ಬಂದವರನ್ನು ಹಿಂದೆ ಕಳಿಸಲಾಗದೆ ಮರುವರ್ಷ ಪ್ರತ್ಯೇಕ ಸಂಸ್ಥೆ ಮಾಡಿ ತಮ್ಮ ಸೋದರಿ ಆಗ್ನೆಸ್ ಅವರಿಗೆ ಹೊಣೆ ವಹಿಸಿದರು. 1911ರಲ್ಲಿ ಜಬಲಪುರದಲ್ಲಿ ಭಾರತದ ಮೊದಲ ದಳ ಆರಂಭವಾಯಿತು. ಸ್ವಾತಂತ್ರ್ಯಾನಂತರ, 1950ರ ನವೆಂಬರ್ 7ರಂದು ದೇಶದಲ್ಲಿದ್ದ ಸ್ಕೌಟ್ ಸಂಸ್ಥೆಗಳು ಒಂದಾಗಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ರೂಪುಗೊಂಡಿತು. ಗೈಡ್ ಸಂಸ್ಥೆ ಮರುವರ್ಷ ಅದರಲ್ಲಿ ಸೇರಿತು. ಕರೆಯದೆ ಬಂದ ಹುಡುಗಿಯರಿಂದ ಆರಂಭವಾದದ್ದು ಎಂಬ ಸಂಗತಿಯನ್ನು ನಾನು ಪ್ರತಿವರ್ಷ ಹೊಸಬರಿಗೆ ಹೇಳುತ್ತೇನೆ. ಎಷ್ಟು ಹೇಳಿದರೂ ಆ ಕಥೆ ಅವರಿಗೆ ಬೇಸರವಾಗುವುದಿಲ್ಲ.

ಹತ್ತರೊಳಗಿನ ಪುಟ್ಟವರು ಬುಲ್‌ಬುಲ್‌ಗಳು, ಹತ್ತು ದಾಟಿದವರು ಗೈಡ್‌ಗಳು, ಕಾಲೇಜಿನ ವಯಸ್ಸಿನವರು ರೇಂಜರ್‌ಗಳು. ಆರೆಂಟು ಜನರ ಗುಂಪಿಗೆ ಪೆಟ್ರೋಲ್ ಎಂದು ಹೆಸರು. (ಗಾಡಿಗೆ ಹಾಕುವ ಪೆಟ್ರೋಲಿಗೂ ಇದಕ್ಕೂ ಸಂಬಂಧವಿಲ್ಲವೆಂದು ಪ್ರತಿವರ್ಷ ಒಬ್ಬಳಿಗಾದರೂ ಬಿಡಿಸಿ ಹೇಳಬೇಕಾಗುತ್ತದೆ.) ಪ್ರತಿ ಪೆಟ್ರೋಲಿಗೂ ಒಂದು ಹೂವಿನ ಹೆಸರು, ಒಬ್ಬ ನಾಯಕಿ. ಗಂಟು ಹಾಕುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ದಿಕ್ಕು ಗುರುತಿಸುವುದು, ಮೂರು ಕಲ್ಲಿಟ್ಟು ಒಲೆ ಹೂಡಿ ಅಡುಗೆ ಮಾಡುವುದು ಇವು ಪಾಠಗಳು. ಪ್ರಥಮ, ದ್ವಿತೀಯ, ತೃತೀಯ ಸೋಪಾನಗಳನ್ನು ಏರಿ ರಾಜ್ಯ ಪುರಸ್ಕಾರ, ಅಲ್ಲಿಂದ ರಾಷ್ಟ್ರಪತಿ ಪುರಸ್ಕಾರ.

ಈ ಪಠ್ಯಕ್ರಮವನ್ನು ರೂಪಿಸಿದವರ ಮನಸ್ಸಿನಲ್ಲಿ ಪೇಟೆಯ ಮಕ್ಕಳಿದ್ದರೆಂದು ತೋರುತ್ತದೆ. ಒಲೆ ಹೂಡುವುದನ್ನು ನಮ್ಮ ಹುಡುಗಿಯರಿಗೆ ಕಲಿಸಲು ಹೋಗಿ ನಾನೇ ನಗೆಪಾಟಲಾದೆ. ಹೊಗೆ ಎಬ್ಬಿಸಿ ಕಣ್ಣೊರೆಸಿಕೊಳ್ಳುತ್ತಿದ್ದ ನನ್ನನ್ನು ಬದಿಗೆ ಸರಿಸಿ ಒಬ್ಬಳು ಹತ್ತಿಕಟ್ಟಿಗೆಯನ್ನು ಹೇಗೆ ಮುರಿದು ಇಡಬೇಕೆಂದು ತೋರಿಸಿದಳು. ಕಣ್ಣಿ ಹಾಕಿ ಎತ್ತು ಕಟ್ಟುವ ಮನೆಯ ಹುಡುಗಿಗೆ ಗಂಟು ಹೊಸದಲ್ಲ. ತನಗೆ ಗೊತ್ತಿದ್ದುದಕ್ಕೆ ಒಂದು ಹೆಸರೂ ಒಂದು ಬ್ಯಾಡ್ಜೂ ಇದೆ ಎಂಬುದು ಹೊಸದು. ನವಲಗುಂದಕ್ಕೆ ಹೋಗಿ ಜಮಖಾನೆ ನೇಯುವ ಹೆಂಗಸರನ್ನು ಮಾತನಾಡಿಸಿದ ದಿನವೂ ಇದೇ ಅನುಭವ. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಆ ಕಸುಬು ಹೆಂಗಸರ ಕೈಯಲ್ಲೇ ಉಳಿದು ಬಂದಿದೆ. ಪಕ್ಕದ ಊರಿನಲ್ಲೇ ಇದ್ದ ಈ ಸಂಗತಿ ಅಲ್ಲಿಯವರೆಗೆ ನಮ್ಮ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮಗ್ಗದ ಮುಂದೆ ಕುಳಿತ ಮುದುಕಿಯೊಬ್ಬಳಿಗೆ ಹುಡುಗಿಯರು ಕೇಳಿದ ಪ್ರಶ್ನೆಗಳಲ್ಲಿ ಹೆಚ್ಚಿನವು ದುಡ್ಡಿಗೆ ಸಂಬಂಧಿಸಿದ್ದವು. ಒಂದು ಜಮಖಾನೆಗೆ ಎಷ್ಟು ದಿನ, ಎಷ್ಟು ಕೂಲಿ, ಆ ದುಡ್ಡು ಯಾರ ಕೈಗೆ ಬರುತ್ತದೆ? ಬ್ಯಾಂಕಿನವಳಾಗಿ ನನಗೆ ಸಂತೋಷವಾಯಿತು.

ಹಳ್ಳಿಗೆ ಹೋದ ಹೊಸದರಲ್ಲಿ ಬಂದ ಮೊದಲ ಆಕ್ಷೇಪ ಎಡಗೈಯದು. ಗೈಡ್‌ಗಳು ಪರಸ್ಪರ ಎಡಗೈ ಕುಲುಕುತ್ತಾರೆ. ಗುರಾಣಿ ಹಿಡಿಯುವ ಕೈಯನ್ನು ಚಾಚುವುದು ನಂಬಿಕೆಯ ಕುರುಹು ಎಂದು ಅದಕ್ಕೊಂದು ಕಥೆಯಿದೆ. ಒಬ್ಬ ಹುಡುಗಿ ಅಗಸಿಯ ಬಳಿ ಗೆಳತಿಗೆ ಎಡಗೈ ಕೊಟ್ಟದ್ದನ್ನು ನೋಡಿದ ಅವಳ ಅಜ್ಜಿ ಮರುವಾರ ಶಾಲೆಯ ಕಟ್ಟೆಗೆ ಬಂದು ಕುಳಿತಿದ್ದಳು. ‘ಎಡಗೈ ಯಾವ ಕೆಲಸಕ್ಕ ಅಂತ ನಿಮಗ ಗೊತ್ತಿಲ್ಲೇನ್ರಿ ಅಕ್ಕಾರ? ಓದಿದವರು ಇದನ್ನ ಕಲಸ್ತೀರೇನು?’ ಗುರಾಣಿಯ ಕಥೆ ಹೇಳಿದೆ. ಅಜ್ಜಿ ಒಪ್ಪಲಿಲ್ಲ. ‘ಗುರಾಣಿ ಹಿಡಿಯೋ ಗಂಡಸು ಆದ್ರ ಸೈ, ನಮ್ಮ ಹುಡಿಗಿ ಏನ್ ಹಿಡದಾಳು?’ ಎಂದಳು. ಉತ್ತರ ಹೊಳೆಯಲಿಲ್ಲ. ಆದರೆ ಅಜ್ಜಿ ಮೊಮ್ಮಗಳನ್ನು ಬಿಡಿಸಲಿಲ್ಲ; ಪ್ರತಿ ಶನಿವಾರ ತಾನೂ ಬಂದು ಬೇವಿನ ಮರದ ನೆರಳಲ್ಲಿ ಕೂರತೊಡಗಿದಳು. ನಮ್ಮ ಮೇಲೆ ಕಣ್ಣಿಡಲು ಬರುತ್ತಿದ್ದಾಳೆಂದು ನಾನು ತಿಳಿದಿದ್ದೆ. ಹಾಗೇನಿರಲಿಲ್ಲ. ಅವಳಿಗೂ ಮನೆಯಿಂದ ಎರಡು ತಾಸು ಬೇಕಾಗಿತ್ತು.

ಇನ್ನು ಹೇಳಬೇಕಾದದ್ದು ಅಷ್ಟು ಹಗುರವಾದುದಲ್ಲ.

2018ರ ಆರಂಭದಲ್ಲಿ ಮಗಳ ಬಾಣಂತನಕ್ಕೆಂದು ಬೆಂಗಳೂರಿಗೆ ಹೋದೆ. ಎರಡು ವಾರವೆಂದು ಹೇಳಿ ಹೋದದ್ದು ಐದು ವಾರವಾಯಿತು. ಹಿಂದಿರುಗಿ ಹೋದ ಶನಿವಾರ ಮಲ್ಲಿಗೆ ಪೆಟ್ರೋಲಿನಲ್ಲಿ ಒಬ್ಬಳು ಕಡಿಮೆ ಇದ್ದಳು. ಒಂಬತ್ತನೆಯ ತರಗತಿಯ ಹುಡುಗಿ. ದಿಕ್ಸೂಚಿ ಹಿಡಿಯುವುದರಲ್ಲಿ ಎಲ್ಲರಿಗಿಂತ ಚುರುಕು. ಅತ್ತೆಯ ಊರಿನಲ್ಲಿ ಸದ್ದಿಲ್ಲದೆ ಮದುವೆಯಾಗಿತ್ತು. ಪೆಟ್ರೋಲ್ ನಾಯಕಿ ತಲೆ ತಗ್ಗಿಸಿ ಹೇಳಿದಳು: ‘ಅಕ್ಕಾರು ಯಾವಾಗ ಬರ್ತಾರ ಅಂತ ಎರಡು ಶನಿವಾರ ಕೇಳಿದ್ಲುರೀ. ನಮಗ ಗೊತ್ತಿರಲಿಲ್ಲ.’

ನಾನಿದ್ದಿದ್ದರೆ ತಡೆಯುತ್ತಿದ್ದೆನೆ? ಖಚಿತವಾಗಿ ಹೇಳಲಾರೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಿದೆ. ಅಂಥ ಮದುವೆಯೇ ಅಸಿಂಧುವೆಂದು ಕರ್ನಾಟಕ ಅದಕ್ಕೆ ತಿದ್ದುಪಡಿಯನ್ನೂ ತಂದಿದೆ. 1098ಕ್ಕೆ ಕರೆ ಮಾಡಿದರೆ ಅಧಿಕಾರಿಗಳು ಬರುತ್ತಾರೆ. ಕರೆ ಮಾಡಲು ಹುಡುಗಿಗೆ ಒಂದು ಫೋನು ಬೇಕು, ಫೋನಿಗಿಂತ ಮೊದಲು ತನ್ನ ಮಾತು ನಂಬುವ ಒಬ್ಬ ಹಿರಿಯಳು ಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 20ರಿಂದ 24 ವರ್ಷದ ಮಹಿಳೆಯರಲ್ಲಿ ಶೇ 21.3ರಷ್ಟು ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಐವರಲ್ಲಿ ಒಬ್ಬಳಿಗಿಂತ ಹೆಚ್ಚು. ನಾಲ್ಕು ಪೆಟ್ರೋಲುಗಳ ದಳವೊಂದರಲ್ಲಿ ಈ ಲೆಕ್ಕ ಹಾಕಿ ನೋಡುವ ಧೈರ್ಯ ನನಗಾಗುವುದಿಲ್ಲ.

ಅವಳ ತಂದೆಯನ್ನು ಭೇಟಿಯಾದೆ. ಕೆಟ್ಟ ಮನುಷ್ಯನಲ್ಲ. ಎರಡು ವರ್ಷ ಹೆಸರೂ ಹತ್ತಿಯೂ ಕೈಗೆ ಹತ್ತಿರಲಿಲ್ಲ, ಸಾಲವಿತ್ತು, ಹಿರಿಯ ಮಗಳ ಮದುವೆಯ ಜೊತೆಗೇ ಕಿರಿಯವಳದೂ ಆದರೆ ಒಂದೇ ಖರ್ಚು ಎಂಬುದು ಅವನ ಲೆಕ್ಕ. ಕೊನೆಗೆ ಒಂದು ಮಾತು ಹೇಳಿದ: ‘ನೀವು ಸಂಜಿ ಬಸ್ಸಿಗೆ ಹೋಗ್ತೀರಿ ಅಕ್ಕಾರ. ನಾಳೆ ಊರಾಗ ಇರಾವ್ರು ನಾವು.’ ಆ ಮಾತು ನನಗೆ ನಾಟಿದಷ್ಟು ಬೇರೆ ಯಾವ ಬೈಗುಳವೂ ನಾಟುತ್ತಿರಲಿಲ್ಲ. ಸ್ವಯಂಸೇವೆ ಎಂದರೆ ಬಿಡುವಾದಾಗ ಮಾಡುವ ಉಪಕಾರ ಎಂದು ನಾನು ತಿಳಿದಿದ್ದೆ. ಹಳ್ಳಿಯ ಹುಡುಗಿ ಹಾಗೆ ತಿಳಿದಿರಲಿಲ್ಲ. ಶನಿವಾರವೆಂದರೆ ನಾನು ಬರುವ ದಿನವೆಂದು ನಂಬಿದ್ದಳು. ಅಂದಿನಿಂದ, ಕೊರೊನಾದಿಂದ ಶಾಲೆ ಮುಚ್ಚಿದ್ದ ಕಾಲವೊಂದನ್ನು ಬಿಟ್ಟರೆ, ಬರಲಾಗದ ವಾರ ಬೇರೊಬ್ಬರನ್ನು ಗೊತ್ತುಮಾಡದೆ ನಾನು ಶನಿವಾರ ತಪ್ಪಿಸಿಲ್ಲ.

ಕೆಲವು ವರ್ಷಗಳ ಮೇಲೆ ನವಲಗುಂದದ ಬಸ್ ನಿಲ್ದಾಣದಲ್ಲಿ ಅವಳು ಸಿಕ್ಕಳು. ಕಂಕುಳಲ್ಲಿ ಮಗುವಿತ್ತು. ನನ್ನನ್ನು ಅವಳೇ ಗುರುತಿಸಿ ಕರೆದಳು. ಸಿಟ್ಟಿರಲಿಲ್ಲ; ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತೇನೋ. ಪೆಟ್ರೋಲಿನ ಒಬ್ಬೊಬ್ಬರ ಹೆಸರೂ ಹಿಡಿದು ವಿಚಾರಿಸಿದಳು. ಕೊನೆಗೆ, ‘ನನ್ನ ಸ್ಕಾರ್ಫ್ ಪೆಟಿಗ್ಯಾಗ ಐತೇನ್ರಿ?’ ಎಂದಳು. ಇತ್ತು. ಆಗ ಅದನ್ನು ಬೇರೆ ಹುಡುಗಿ ಕಟ್ಟುತ್ತಿದ್ದಳು. ಹಾಗೆಂದೇ ಹೇಳಿದೆ. ಅವಳು ತಲೆಯಾಡಿಸಿ ಮಗುವಿನ ಟೊಪ್ಪಿಗೆ ಸರಿಮಾಡಿದಳು.

ಪ್ರತಿಫಲದ ಬಗ್ಗೆ ಬರೆಯಲು ಹೊರಟು ಇದನ್ನೇಕೆ ಹೇಳಿದೆನೆಂದು ಓದುಗರಿಗೆ ಅನಿಸಬಹುದು. ನನ್ನ ಮಟ್ಟಿಗೆ ಇದು ಆ ಲೆಕ್ಕದಲ್ಲೇ ಬರುತ್ತದೆ. ಅರವತ್ತು ತುಂಬಿದ ಹೆಂಗಸಿಗೆ ಪೇಟೆಯಲ್ಲಿ ಗೌರವ ಸಿಗುತ್ತದೆ, ಕುಳಿತುಕೊಳ್ಳಲು ಕುರ್ಚಿ ಸಿಗುತ್ತದೆ. ಅವಳು ಬಾರದಿದ್ದರೆ ಯಾರಿಗಾದರೂ ವ್ಯತ್ಯಾಸವಾಗುತ್ತದೆ ಎನ್ನುವಂಥ ಜಾಗ ಸಿಗುವುದಿಲ್ಲ. ಕ್ರಾಸಿನಲ್ಲಿ ಬಸ್ಸಿಳಿದು ಧೂಳು ಕೊಡವಿಕೊಳ್ಳುವಾಗ ಅಗಸಿಯ ಬಳಿ ನಿಂತ ಇಬ್ಬರು ಹುಡುಗಿಯರು ‘ಬಂದ್ರು, ಬಂದ್ರು’ ಎಂದು ಕೂಗಿ ಶಾಲೆಯ ಕಡೆಗೆ ಓಡುತ್ತಾರೆ. ಬ್ಯಾಂಕಿನಲ್ಲಿ ಮೂವತ್ನಾಲ್ಕು ವರ್ಷ ಜನ ನನಗಾಗಿ ಸಾಲಿನಲ್ಲಿ ನಿಂತಿದ್ದರು. ಅವರು ಕಾಯುತ್ತಿದ್ದುದು ನನಗಾಗಿ ಅಲ್ಲ.

ಬೇಕಾಗುವುದು ಎಷ್ಟು ದೊಡ್ಡದೋ, ಬೇಡವಾಗುವುದೂ ಅಷ್ಟೇ ದೊಡ್ಡದೆಂದು ತಿಳಿದದ್ದು 2019ರ ಆಗಸ್ಟ್‌ನಲ್ಲಿ. ಬೆಣ್ಣೆಹಳ್ಳ ನೋಡಲು ಸಾಧು. ವರ್ಷದ ಬಹುಪಾಲು ದಾಟಲು ಮೊಣಕಾಲುದ್ದ ನೀರೂ ಇರುವುದಿಲ್ಲ. ಶಿಗ್ಗಾವಿ, ಕುಂದಗೋಳದ ಕಡೆ ಮಳೆಯಾದರೆ ಒಂದೇ ರಾತ್ರಿಯಲ್ಲಿ ನವಲಗುಂದದ ಎರೆಹೊಲಗಳನ್ನೆಲ್ಲ ಹಾಸಿಕೊಂಡು ಹರಿಯುತ್ತದೆ. ಆ ವರ್ಷ ಹಾಗಾಯಿತು. ನಮ್ಮ ಹಳ್ಳಿಯ ತಗ್ಗಿನ ಓಣಿಯವರು ಶಾಲೆಯಲ್ಲಿ ಆಶ್ರಯ ಪಡೆದರು. ರಸ್ತೆ ಕಡಿದುಹೋಗಿ ನಾಲ್ಕು ದಿನ ನಾನು ಹುಬ್ಬಳ್ಳಿಯಲ್ಲೇ ಕುಳಿತು ಫೋನು ಒತ್ತುತ್ತಿದ್ದೆ. ಐದನೆಯ ದಿನ ಹೋದಾಗ ಮುಖ್ಯಾಧ್ಯಾಪಕಿ ಒಂದು ನೋಟುಪುಸ್ತಕ ತೋರಿಸಿದರು. ಯಾವ ಕೋಣೆಯಲ್ಲಿ ಯಾವ ಮನೆಯವರು, ಎಷ್ಟು ಮಕ್ಕಳು, ಯಾರು ರಕ್ತದೊತ್ತಡದ ಗುಳಿಗೆ ನುಂಗುವವರು, ಯಾರ ಗುಳಿಗೆ ಎಷ್ಟು ಉಳಿದಿದೆ, ಯಾರು ಬಸುರಿ — ಎಲ್ಲ ಬರೆದಿತ್ತು. ಪೆಟ್ರೋಲ್ ನಾಯಕಿಯರ ಕೈಬರಹ. ಕುಡಿಯುವ ನೀರನ್ನು ಕುದಿಸಿ ಬೇರೆ ಕೊಡದಲ್ಲಿಟ್ಟು ಅದಕ್ಕೆ ಕಾವಲು ನಿಂತವಳು ಏಳನೆಯ ತರಗತಿಯ ಹುಡುಗಿ. ಪಂಚಾಯಿತಿಯ ಸದಸ್ಯರೊಬ್ಬರು ಆ ಕೊಡದಲ್ಲಿ ಕೈ ಅದ್ದಿದಾಗ ಗದರಿಸಿದ್ದಳಂತೆ. ನನ್ನನ್ನು ಯಾರೂ ಕಾದಿರಲಿಲ್ಲ. ಬಸ್ಸಿನಲ್ಲಿ ಹಿಂದಿರುಗುವಾಗ ಇದರಿಂದ ನನಗೆ ಸ್ವಲ್ಪ ಬೇಸರವಾಯಿತೆಂದು ಒಪ್ಪಿಕೊಳ್ಳುತ್ತೇನೆ. ಮನೆ ಮುಟ್ಟುವ ಹೊತ್ತಿಗೆ ಆ ಬೇಸರ ಉಳಿದಿರಲಿಲ್ಲ.

ಮರುವರ್ಷ ಜನವರಿಯಲ್ಲಿ ನಾವು ಮೊದಲ ಬಾರಿಗೆ ರಾತ್ರಿ ಶಿಬಿರಕ್ಕೆ ಹೋದೆವು. ಇದರ ಹಿಂದೆ ನನ್ನದೊಂದು ಹಳೆಯ ಬಾಕಿಯಿತ್ತು. 1970ರಲ್ಲಿ ನಾನು ಎಂಟನೆಯ ತರಗತಿಯಲ್ಲಿದ್ದಾಗ ಗೈಡ್ ಶಿಬಿರಕ್ಕೆ ಹೆಸರು ಕೊಟ್ಟು ಬಂದಿದ್ದೆ. ದಾವಣಗೆರೆ ಸಮೀಪದ ಕೊಂಡಜ್ಜಿಯ ಶಿಬಿರದ ಬಗ್ಗೆ ಶಾಲೆಯಲ್ಲಿ ಕೇಳಿ ಕೇಳಿ ಹಂಬಲ ಹುಟ್ಟಿತ್ತು. ‘ಹೆಣ್ಣುಮಕ್ಕಳು ರಾತ್ರಿ ಹೊರಗಿರೂದು ಯಾಕ?’ ಎಂದು ಅಪ್ಪ ಕೇಳಿದರು. ಅಲ್ಲಿಗೆ ಮಾತು ಮುಗಿಯಿತು. ಐವತ್ತು ವರ್ಷಗಳ ಮೇಲೆ ಇಪ್ಪತ್ತು ಮನೆಗಳ ಕಟ್ಟೆಯ ಮೇಲೆ ಕುಳಿತು ಅದೇ ಪ್ರಶ್ನೆಗೆ ಉತ್ತರ ಕೊಡುವ ಪಾಳಿ ನನ್ನದಾಯಿತು. ಕಾನೂನು, ಸಂಸ್ಥೆಯ ನಿಯಮ, ಮುಖ್ಯಾಧ್ಯಾಪಕಿಯ ಸಹಿ ಯಾವುದೂ ಕೆಲಸ ಮಾಡಲಿಲ್ಲ. ಮಾಡಿದ್ದು ಬೇವಿನ ಮರದ ಕೆಳಗಿನ ಅಜ್ಜಿಯ ಒಂದು ಮಾತು. ‘ನಾನೂ ಹೊಕ್ಕೀನಿ, ನನ್ನ ಜೋಡಿ ಕಳಸ್ರಿ.’ ಹದಿನೇಳು ಮನೆಗಳು ಒಪ್ಪಿದವು.

ಶಿಬಿರ ಕಲಘಟಗಿ ತಾಲ್ಲೂಕಿನ ಒಂದು ಶಾಲೆಯಲ್ಲಿ. ಒಂದೇ ಜಿಲ್ಲೆಯಾದರೂ ನವಲಗುಂದದ ಬಯಲಿಗೂ ಕಲಘಟಗಿಯ ಮಲೆನಾಡ ಸೆರಗಿಗೂ ಅಜಗಜಾಂತರ. ಕಣ್ಣು ಹಾಯುವವರೆಗೂ ಕಡಲೆ, ಕುಸುಬೆ, ಹತ್ತಿ ಕಂಡು ಬೆಳೆದ ಹುಡುಗಿಯರು ತೇಗದ ಮರಗಳ ನಡುವೆ ಆಕಾಶ ಹುಡುಕಿದರು. ಕಲಘಟಗಿಯಲ್ಲಿ ಬಣ್ಣದ ತೊಟ್ಟಿಲು ಮಾಡುವ ಮನೆಯೊಂದಕ್ಕೂ ಹೋಗಿ ಬಂದೆವು. ರಾತ್ರಿ ಶಿಬಿರಾಗ್ನಿಯ ಸುತ್ತ ಹಾಡಿಕೆ. ಹುಡುಗಿಯರ ಹಾಡು ಮುಗಿದ ಮೇಲೆ ಅಜ್ಜಿ ಹಂತಿಯ ಹಾಡು ಎತ್ತಿಕೊಂಡಳು. ಕಣದಲ್ಲಿ ಎತ್ತು ಸುತ್ತುವಾಗ ಗಂಡಸರು ಹಾಡುವ ಹಾಡು. ತನ್ನ ಅಪ್ಪ ಹಾಡುತ್ತಿದ್ದುದನ್ನು ಕಣದ ಅಂಚಿನಲ್ಲಿ ಕೂತು ಕಲಿತಿದ್ದಳಂತೆ. ನಸುಕಿನವರೆಗೆ ಹಾಡಿದಳೆಂದು ಬರೆದರೆ ಉತ್ಪ್ರೇಕ್ಷೆಯಾಗುತ್ತದೆ, ಒಂದು ತಾಸು ಹಾಡಿದಳು. ಮರುದಿನ ಬೀಳ್ಕೊಡುವಾಗ ಕಲಘಟಗಿಯ ಗೈಡ್‌ಗಳು ಸಾಲಾಗಿ ಬಂದು ಕೈಕುಲುಕಿದರು. ಅಜ್ಜಿ ಬಲಗೈಯನ್ನೇ ಕೊಟ್ಟಳು.

ಅದಾಗಿ ಎರಡು ತಿಂಗಳಿಗೆ ಕೊರೊನಾ ಬಂದು ಶಾಲೆಗಳು ಮುಚ್ಚಿದವು. ಮತ್ತೆ ತೆರೆದಾಗ ನಮ್ಮ ದಳದ ಮೂವರು ಹಿಂದಿರುಗಲಿಲ್ಲ.

ಹುಬ್ಬಳ್ಳಿಗೆ ಇಂಥ ಕೆಲಸ ಹೊಸದೇನಲ್ಲ. ನೂರು ವರ್ಷಗಳ ಹಿಂದೆ ಇದೇ ಊರಿನಲ್ಲಿ ಉಮಾಬಾಯಿ ಕುಂದಾಪುರ ಹೆಂಗಸರ ದಳವೊಂದನ್ನು ಕಟ್ಟಿದ್ದರು. 1892ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲೇ ಮದುವೆಯಾಗಿ, ಮಾವ ಆನಂದರಾಯರ ಒತ್ತಾಸೆಯಿಂದ ಓದಿದವರು. 1923ರಲ್ಲಿ ಪತಿ ಸಂಜೀವರಾಯರು ತೀರಿಕೊಂಡ ಮೇಲೆ ಮಾವನೊಂದಿಗೆ ಹುಬ್ಬಳ್ಳಿಗೆ ಬಂದರು. ತಿಲಕ್ ಕನ್ಯಾ ಶಾಲೆಯ ಹೊಣೆ ಹೊತ್ತರು, ಭಗಿನಿ ಮಂಡಲ ಸ್ಥಾಪಿಸಿದರು. ಅದೇ ಕಾಲಕ್ಕೆ ಡಾ. ನಾ.ಸು. ಹರ್ಡೀಕರರು ಹಿಂದುಸ್ತಾನಿ ಸೇವಾದಳವನ್ನು ಕಟ್ಟುತ್ತಿದ್ದರು. ಅದರ ಮಹಿಳಾ ವಿಭಾಗದಲ್ಲಿ ಕಮಲಾದೇವಿ ಚಟ್ಟೋಪಾಧ್ಯಾಯರೂ ಉಮಾಬಾಯಿಯವರೂ ದುಡಿದರು. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಬೆಳಗಾವಿ ಅಧಿವೇಶನಕ್ಕೆ ನೂರೈವತ್ತಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಸಿದ್ಧಗೊಳಿಸಿ ಕರೆದೊಯ್ದರು. ಅವರಲ್ಲಿ ವಿಧವೆಯರೂ ಇದ್ದರು. ಮನೆಯ ಮೂಲೆಯೇ ಅವರ ಪಾಲಿಗೆ ಉಳಿದಿದ್ದ ಕಾಲವದು.

ಈ ಪ್ರಸಂಗವನ್ನು ಹೇಳುವವರು ಸಾಮಾನ್ಯವಾಗಿ ಆ ಹೆಂಗಸರು ಅಧಿವೇಶನಕ್ಕೆ ಮಾಡಿದ ಸೇವೆಯನ್ನು ಕೊಂಡಾಡುತ್ತಾರೆ. ನನಗೆ ತೋರುವುದೇ ಬೇರೆ. ಅಧಿವೇಶನ ಅವರಿಲ್ಲದಿದ್ದರೂ ಹೇಗೋ ನಡೆಯುತ್ತಿತ್ತು. ಸಾವಿರಾರು ಜನರಿಗೆ ಊಟ ಬಡಿಸಿ, ದಾರಿ ತೋರಿಸಿ, ನೀರು ಕೊಟ್ಟು ಮನೆಗೆ ಮರಳಿದ ಆ ಹೆಂಗಸರು ಹೋದಾಗಿನ ಹೆಂಗಸರಾಗಿ ಮರಳಿರಲಾರರು. ಉಮಾಬಾಯಿಯವರಿಗೆ ಆಗ ಮೂವತ್ತೆರಡು. 1932ರಲ್ಲಿ ಯರವಡಾ ಜೈಲು ಕಂಡರು. ಬಿಡುಗಡೆಯಾಗಿ ಬಂದಾಗ ಶಾಲೆಗೂ ಮುದ್ರಣಾಲಯಕ್ಕೂ ಸರ್ಕಾರದ ಬೀಗ ಬಿದ್ದಿತ್ತು. 1934ರ ಬಿಹಾರ ಭೂಕಂಪದ ಸಂತ್ರಸ್ತರ ಶಿಬಿರಗಳಲ್ಲಿ ದುಡಿದರು. 1946ರಲ್ಲಿ ಗಾಂಧೀಜಿ ಕಸ್ತೂರಬಾ ಸ್ಮಾರಕ ಟ್ರಸ್ಟಿನ ಕರ್ನಾಟಕ ಶಾಖೆಯ ಹೊಣೆ ಒಪ್ಪಿಸಿದರು. ನೂರು ವರ್ಷ ಬಾಳಿ 1992ರಲ್ಲಿ ಹುಬ್ಬಳ್ಳಿಯಲ್ಲೇ ತೀರಿಕೊಂಡರು. ಆ ನೂರೈವತ್ತು ಜನರ ಹೆಸರುಗಳು ಮಾತ್ರ ನಮ್ಮ ನೆನಪಿನಲ್ಲಿ ಉಳಿದಿಲ್ಲ.

ಈಗ ಮೂಲ ತೊಂದರೆಗೆ ಬರೋಣ. ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆಯ ಶಾಲೆಗಳಲ್ಲಿ ಗೈಡ್ ದಳ ಬೇಕೆಂದು ಕೇಳುವ ಹುಡುಗಿಯರಿಗೆ ಬರವಿಲ್ಲ. ಬರವಿರುವುದು ಕ್ಯಾಪ್ಟನ್‌ಗಳಿಗೆ. ಗೈಡ್ ದಳದ ನೇತೃತ್ವ ಹೆಂಗಸರೇ ವಹಿಸಬೇಕೆಂಬ ನಿಯಮವಿದೆ, ಇರಬೇಕಾದದ್ದೇ. ಅದು ಸಹಜವಾಗಿ ಶಿಕ್ಷಕಿಯರ ಹೆಗಲಿಗೆ ಬೀಳುತ್ತದೆ. ಬಿಸಿಯೂಟ, ಗಣತಿ, ಚುನಾವಣೆ, ಆನ್‌ಲೈನ್ ಮಾಹಿತಿ ತುಂಬುವುದು ಎಲ್ಲದರ ಮೇಲೆ ಇದೂ ಒಂದು. ಅವರಲ್ಲಿ ಅನೇಕರು ನಿಷ್ಠೆಯಿಂದ ಮಾಡುತ್ತಿದ್ದಾರೆ. ವರ್ಗಾವಣೆಯಾದ ದಿನ ದಳ ಅನಾಥವಾಗುತ್ತದೆ. ಉಳಿದೆಡೆ ಆಗಸ್ಟ್ 15ಕ್ಕೂ ಜನವರಿ 26ಕ್ಕೂ ಸ್ಕಾರ್ಫು ಕಟ್ಟಿ ಪಥಸಂಚಲನ ಮಾಡಿಸಿ ಮತ್ತೆ ಪೆಟ್ಟಿಗೆಗೆ ಹಾಕುವುದಷ್ಟೇ ನಡೆಯುತ್ತದೆ. ಪ್ರಮಾಣಪತ್ರಕ್ಕಾಗಿ ಮಾತ್ರ ದಿಢೀರನೆ ಹುಟ್ಟಿಕೊಳ್ಳುವ ದಳಗಳನ್ನೂ ನಾನು ಕಂಡಿದ್ದೇನೆ. ಸಮವಸ್ತ್ರದ ಖರ್ಚನ್ನು ಪಾಲಕರ ಮೇಲೆ ಹೇರುವುದಂತೂ ಬಡ ಹುಡುಗಿಯನ್ನು ಬಾಗಿಲಲ್ಲೇ ತಡೆದಂತೆ. ನಮ್ಮಲ್ಲಿ ಹಿಂದಿನವರು ಬಿಟ್ಟ ಸಮವಸ್ತ್ರವನ್ನು ಹೊಲಿಗೆ ಬಿಚ್ಚಿ ಉದ್ದ ಮಾಡಿ ಮುಂದಿನವರಿಗೆ ಕೊಡುತ್ತೇವೆ. ಹೊಲಿಗೆಯ ಬ್ಯಾಡ್ಜೂ ಅದರಿಂದಲೇ ಸಿಗುತ್ತದೆ.

ಹುಬ್ಬಳ್ಳಿ–ಧಾರವಾಡ ಅವಳಿ ನಗರದಲ್ಲಿ ಬ್ಯಾಂಕು, ವಿಮೆ, ರೈಲ್ವೆ, ಅಂಚೆ, ಕಾಲೇಜುಗಳಿಂದ ನಿವೃತ್ತರಾದ ಹೆಂಗಸರು ಸಾವಿರಗಟ್ಟಲೆ ಇದ್ದಾರೆ. ಮಕ್ಕಳು ಬೆಂಗಳೂರಲ್ಲಿ, ವಿದೇಶದಲ್ಲಿ. ಬೆಳಿಗ್ಗೆ ನಡಿಗೆ, ಸಂಜೆ ಧಾರಾವಾಹಿ. ಅವರಲ್ಲಿ ಕೆಲವರಿಗೆ ವಾರದ ಒಂದು ದಿನ ಕಷ್ಟವಾಗಲಾರದು. ಧಾರವಾಡದ ಜಿಲ್ಲಾ ಸಂಸ್ಥೆಗೆ ಹೋಗಿ ವಿಚಾರಿಸಿದರೆ ತರಬೇತಿಯ ವಿವರ ಕೊಡುತ್ತಾರೆ. ಗಂಟು ಬರಬೇಕೆಂದಿಲ್ಲ, ಓಡಬೇಕೆಂದಿಲ್ಲ. ನನ್ನ ಮೊಣಕಾಲು ಅದಕ್ಕೆ ಸಾಕ್ಷಿ. ಒಂದೇ ಎಚ್ಚರಿಕೆ: ಆರು ತಿಂಗಳು ಮಾಡಿ ಬಿಡುವ ಉದ್ದೇಶವಿದ್ದರೆ ಆರಂಭಿಸದಿರುವುದು ಮೇಲು. ಆರಂಭಿಸಿ ಬಿಟ್ಟವರಿಂದ ಹುಡುಗಿಯರಿಗಾಗುವ ನಷ್ಟವನ್ನು ನಾನು ಬಲ್ಲೆ.

ಅಂದು ತಲೆ ತಗ್ಗಿಸಿ ಗೆಳತಿಯ ಮದುವೆಯ ಸುದ್ದಿ ಹೇಳಿದ್ದ ಪೆಟ್ರೋಲ್ ನಾಯಕಿ ಪದವಿ ಮುಗಿಸಿ ಕುಂದಗೋಳದ ಕಡೆ ಒಂದು ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ತರಬೇತಿ ಪಡೆದು ಅಲ್ಲಿನ ಹಳ್ಳಿಯೊಂದರಲ್ಲಿ ದಳ ಆರಂಭಿಸಿದ್ದಾಳೆ. ಅವಳ ಶನಿವಾರ ಕಚೇರಿಗೆ ಹೋಗುವುದರಿಂದ ಭಾನುವಾರ ಬೆಳಿಗ್ಗೆ ಸೇರುತ್ತಾರಂತೆ. ಈಗ ಆ ಕಡೆ ಮೆಣಸಿನಕಾಯಿ ಬಿಡಿಸುವ ಕಾಲ. ಹುಡುಗಿಯರೆಲ್ಲ ಹೊಲದಲ್ಲಿರುತ್ತಾರೆ, ಯಾರೂ ಬರಲಾರರೆಂದು ಅಂಜಿದ್ದಳು. ಏಳು ಗಂಟೆಗೇ ಬಂದು ಒಂಬತ್ತಕ್ಕೆ ಹೊಲಕ್ಕೆ ಹೋಗುತ್ತೇವೆಂದು ಹುಡುಗಿಯರೇ ಹೇಳಿದರಂತೆ. ಮೊದಲ ವಾರ ಹನ್ನೊಂದು ಜನ. ಹಗ್ಗ ಸಾಲುತ್ತಿಲ್ಲವೆಂದು ಮೊನ್ನೆ ಫೋನು ಮಾಡಿದ್ದಳು. ನಮ್ಮ ಪೆಟ್ಟಿಗೆಯಲ್ಲಿ ಆರು ತುಂಡು ಹೆಚ್ಚಿವೆ. ಬರುವ ಶನಿವಾರ ತೆಗೆದಿಟ್ಟು ಕುಂದಗೋಳದ ಬಸ್ಸಿಗೆ ಕೊಟ್ಟು ಕಳಿಸಬೇಕು.